ನೆಲಕ್ಕಿಳಿದ ಬಿಸಿ

ಆಂಟಿಯ ಉಣ್ಣೆಯ ಕಾಲುಚೀಲಗಳಲ್ಲಿ ಹೆಬ್ಬೆರಳಿನ ಪಕ್ಕದ ಬೆರಳಿಗೆ ಸರಿಯಾಗಿ ಒಂದೊಂದು ತೂತು ಇರುತ್ತಿತ್ತು. ಕಾಲುಂಗುರ ಒಳಗಿನಿಂದ ತಿಕ್ಕಿ ತಿಕ್ಕಿ ಮಾಡಿದ ತೂತು ಅದು. ಎಷ್ಟೇ ದಪ್ಪನೆಯ ಚೀಲ ತಂದರೂ ಚಳಿಗಾಲ ಮುಗಿಯುವುದರೊಳಗೆ ಬೆಳ್ಳಿ ಹೊರಗೆ ಇಣುಕುತ್ತಿತ್ತು. ಕೈಗೆ ಸಿಕ್ಕ ಬಣ್ಣದ ಉಣ್ಣೆಯಲ್ಲಿ ಅದಕ್ಕೆ ತೇಪೆ ಹಾಕಿಕೊಳ್ಳುತ್ತಿದ್ದರು. ಬೂದು ಚೀಲಕ್ಕೆ ಕೆಂಪು, ಕಪ್ಪಿಗೆ ಹಳದಿ. ಮೊಣಕಾಲಿಗಿಂತ ಸ್ವಲ್ಪವೇ ಕೆಳಗೆ ಬರುವಂತೆ ಎತ್ತಿ ಸಿಕ್ಕಿಸಿದ ಸೀರೆ, ಅದರ ಮೇಲೆ ಗಂಡನ ಹಳೆಯ ಸ್ವೆಟರು, ಕೆಳಗೆ ಈ ಬಣ್ಣಬಣ್ಣದ ಬೆರಳುಗಳು. ಮೊದಲ ಸಲ ನೋಡಿದವರು ನಗು ತಡೆದುಕೊಳ್ಳಲು ಒದ್ದಾಡುತ್ತಿದ್ದರು. "ನಗೋದಿದ್ರೆ ನಕ್ಕುಬಿಡಿ, ಆಮೇಲೆ ಕಾಫಿ ಕುಡಿಯೋಣ" ಎಂದು ಆಂಟಿಯೇ ಅನುಮತಿ ಕೊಡುತ್ತಿದ್ದರು.

ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಅವರು. ಗದಗಿನ ಕಡೆಯವರು. ಅಂಕಲ್, ಅಂದರೆ ಅವರ ಗಂಡ, ಮಣ್ಣು ಅಗೆಯುವ ಯಂತ್ರಗಳ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ಪ್ರಾಯದಲ್ಲೇ ಈ ಊರಿಗೆ ಬಂದವರು. ಆಂಟಿ ಒಂದು ಡಾಗಿಸ್‌ನ, ನಮ್ಮ ಶಿಶುವಿಹಾರದಂಥ ಜಾಗದ, ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಒಬ್ಬನೇ ಮಗ ದೂರದ ಮಾಲ್ಮೋ ನಗರ ಸೇರಿದ ಮೇಲೆ ಮರದ ಆ ಎರಡಂತಸ್ತಿನ ಮನೆಯ ಮೇಲ್ಭಾಗಕ್ಕೆ ಪುಟ್ಟ ಅಡುಗೆಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಮುಂಬಾಗಿಲು ಒಂದೇ, ಮೆಟ್ಟಿಲೂ ಒಂದೇ. ಒಳಗೆ ಬಂದವರು ಕೆಳಗಿನ ಮನೆಯ ಪಡಸಾಲೆ ದಾಟಿಯೇ ಮೇಲೆ ಹತ್ತಬೇಕು. ನನ್ನ ಗಂಡ ಬೆಳಗ್ಗೆ ಸ್ಟಾಕ್‌ಹೋಮಿನ ರೈಲು ಹಿಡಿದರೆ ಬರುವುದು ಸಂಜೆಗೆ. ನಾನು ಮನೆಯಿಂದಲೇ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಮಾಡುತ್ತಿದ್ದೆ. ಮಗಳು ಪುಟ್ಟಿಗೆ ಆಗಿನ್ನೂ ನಾಲ್ಕು. ಡಾಗಿಸ್‌ಗೆ ಸೇರಿದ ಮೇಲೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸ್ವೀಡಿಷ್‌ನಲ್ಲಿ ಉತ್ತರ ಕೊಡುವ ಅಭ್ಯಾಸ ಅವಳಿಗೆ ಅಂಟಿಕೊಂಡಿತ್ತು. ತುಮಕೂರಿನಲ್ಲಿರುವ ನಮ್ಮಮ್ಮ ವಿಡಿಯೋ ಕರೆ ಮಾಡಿದಾಗ ಮೊಮ್ಮಗಳ ಮುಖ ನೋಡಿ ಸಂತೋಷಪಡುತ್ತಿದ್ದರು, ಮಾತನ್ನು ನಾನು ಅನುವಾದ ಮಾಡುತ್ತಿದ್ದೆ.

ಆಂಟಿ ನಮ್ಮೊಡನೆ ಮಾತಾಡುವಾಗ ಬೆಂಗಳೂರು ಕನ್ನಡವನ್ನೇ ಆಡುತ್ತಿದ್ದರು. ಕನ್ನಡದವರೆಲ್ಲ ಸೇರಿದ ಕಡೆ ಹಿಂದೆಂದೋ ಯಾರೋ ಅವರ ಮಾತಿಗೆ ನಕ್ಕಿದ್ದರಂತೆ. ಅಂದಿನಿಂದ ಹೊರಗಿನವರ ಎದುರು ಗದಗಿನ ಮಾತನ್ನು ಮಡಿಸಿಟ್ಟುಬಿಟ್ಟಿದ್ದರು. ಗಂಡನೊಡನೆ, ಗಿಡಗಳೊಡನೆ, ಕೆಟ್ಟುಹೋದ ಮಿಕ್ಸಿಯೊಡನೆ ಮಾತ್ರ ಅವರ ನಿಜವಾದ ಭಾಷೆ ಹೊರಬರುತ್ತಿತ್ತು. ಮೇಲಿನಿಂದ ಕೇಳಿಸಿಕೊಳ್ಳುತ್ತಿದ್ದ ನನಗೆ ಆ ಭಾಷೆಯೇ ಹೆಚ್ಚು ಇಷ್ಟವಾಗಿತ್ತು.

ನಾವು ಹೋದ ಎರಡನೆಯ ವರ್ಷದ ಶರತ್ಕಾಲದಲ್ಲಿ ಅಂಕಲ್‌ಗೆ ಪಾರ್ಶ್ವವಾಯು ಬಡಿಯಿತು. ಬಲಗಾಲು ಎಳೆದುಕೊಂಡರೂ ಮನೆಗೆ ವಾಪಸು ಬಂದರು. ಆದರೆ ಮಾತು ಪೂರ್ತಿ ಬರಲಿಲ್ಲ. ನಲವತ್ತು ವರ್ಷ ಆಡಿದ ಸ್ವೀಡಿಷ್ ಹೋಯಿತು, ಕಾರ್ಖಾನೆಯ ಇಂಗ್ಲಿಷ್ ಹೋಯಿತು. ಉಳಿದದ್ದು ಕನ್ನಡ, ಅದೂ ಬಾಲ್ಯದ ಕನ್ನಡ. ಆಸ್ಪತ್ರೆಯವರು ಒಳ್ಳೆಯವರೇ. ಚಿತ್ರಗಳ ಕಾರ್ಡು ತೋರಿಸಿ ಏನು ಬೇಕೆಂದು ಕೇಳುತ್ತಿದ್ದರಂತೆ. ಅಂಕಲ್ ಕಾರ್ಡನ್ನೂ ಅವರ ಮುಖವನ್ನೂ ನೋಡಿ ಸುಮ್ಮನಾಗುತ್ತಿದ್ದರು. ಆಂಟಿ ಅಲ್ಲಿಗೆ ಹೋದ ಮೇಲೆಯೇ ನೀರು ಕೇಳುತ್ತಿದ್ದರು. ಎಷ್ಟು ಹೊತ್ತಿನಿಂದ ಬಾಯಾರಿ ಕೂತಿದ್ದರೋ ಏನೋ ಎಂದು ಆಂಟಿ ಹೇಳಿದ್ದರು.

ಕೊಮ್ಯೂನ್‌ನಿಂದ, ಎಂದರೆ ನಮ್ಮಲ್ಲಿಯ ನಗರಸಭೆಯಂಥ ಕಚೇರಿಯಿಂದ, ಎತ್ತರ ತಗ್ಗು ಮಾಡಬಹುದಾದ ಮಂಚ ಬಂತು. ಕೈಯಿರುವ ಕುರ್ಚಿ ಬಂತು. ಅಂಕಲ್‌ಗೆ ಎರಡೂ ಬೇಡ. ಕುರ್ಚಿಯಲ್ಲಿ ಕೂರಿಸಿದರೆ ನಿಧಾನವಾಗಿ ಜಾರಿ ನೆಲಕ್ಕೆ ಇಳಿಯುತ್ತಿದ್ದರು. ಒಂದು ಕಾಲು ಮಡಿಸಿ, ಇನ್ನೊಂದು ಚಾಚಿ, ಪಡಸಾಲೆಯ ಕಿಟಕಿಯ ಕೆಳಗೆ ಗೋಡೆಗೊರಗಿ ಕೂತರೆ ಮುಖದಲ್ಲಿ ನೆಮ್ಮದಿ. ಊಟ ಅಲ್ಲೇ, ಹಗಲಿನ ನಿದ್ದೆಯೂ ಅಲ್ಲೇ ಹಾಸಿದ ಹಾಸಿಗೆಯಲ್ಲಿ. "ಕುರ್ಚಿ ಮೇಲೆ ಯಾರದೋ ಮನೆಗೆ ಬಂದವರ ಥರ ಕೂತಿರ್ತಾರೆ. ನೆಲದ ಮೇಲಾದ್ರೆ ಅವರ ಮನೇಲಿ ಅವರು ಇದ್ದಂಗೆ" ಎಂದರು ಆಂಟಿ, ಮತ್ತು ಕುರ್ಚಿಯ ಮೇಲೆ ಒಗೆದ ಬಟ್ಟೆ ಒಣಹಾಕಿದರು.

ಚಳಿ ಬಿದ್ದ ಮೇಲೆ ಶುರುವಾಯಿತು ಫಜೀತಿ. ಅಂಕಲ್‌ಗೆ ಕೆಮ್ಮು, ಕಫ, ಒಮ್ಮೆ ಆಸ್ಪತ್ರೆಯವರೆಗೂ ಹೋಗಿ ಬಂದದ್ದಾಯಿತು. ಪಾದಗಳು ಯಾವಾಗ ಮುಟ್ಟಿದರೂ ಮಂಜುಗಡ್ಡೆ. ಕೊಮ್ಯೂನ್‌ನಿಂದ ಅವರ ಆರೈಕೆ ನೋಡಿಕೊಳ್ಳುತ್ತಿದ್ದ ಹೆಂಗಸು ಬಂದರು. ಮೆತ್ತನೆಯ ಸ್ವಭಾವದವರು, ಬೂಟು ಕಳಚಿ ಒಳಗೆ ಬಂದು ಮೊದಲು ಅಂಕಲ್‌ಗೆ ನಮಸ್ಕಾರ ಮಾಡಿದರು. ಗೋಡೆಯ ಮೇಲಿನ ಥರ್ಮಾಮೀಟರ್ ನೋಡಿದರು, ಇಪ್ಪತ್ತೊಂದು ಡಿಗ್ರಿ ಇತ್ತು. ಮನೆಯೇನೋ ಬೆಚ್ಚಗಿದೆ, ಆದರೆ ಇವರು ತಣ್ಣಗಿನ ನೆಲ ಬಿಟ್ಟು ಏಳುವುದಿಲ್ಲ, ಹೀಗೇ ಆದರೆ ಇನ್ನೊಂದು ಸಲ ಎದೆಗೆ ಕಫ ಕಟ್ಟಿಕೊಂಡರೆ ಕಷ್ಟ, ವೃದ್ಧರ ಆರೈಕೆಯ ಮನೆಯಲ್ಲಿ ಒಂದು ಕೋಣೆಯ ಬಗ್ಗೆ ಯೋಚಿಸುವುದು ಒಳ್ಳೆಯದು ಎಂದರು. ಒತ್ತಾಯವೇನಿಲ್ಲ, ಜನವರಿಯಲ್ಲಿ ಮತ್ತೆ ಬರುತ್ತೇನೆ, ಆಗ ಮಾತಾಡೋಣ ಎಂದೂ ಹೇಳಿದರು. ಆಂಟಿಯ ಸ್ವೀಡಿಷ್ ಚೆನ್ನಾಗಿತ್ತು. ಅಂದು ಅವರು ಕೇಳಿದ್ದು ಒಂದೇ ಪ್ರಶ್ನೆ. ಅಲ್ಲಿ ಇವರ ಹತ್ತಿರ ಮಾತಾಡುವವರು ಯಾರಿದ್ದಾರೆ? ಆ ಹೆಂಗಸು ಸುಳ್ಳು ಹೇಳಲಿಲ್ಲ. ಯಾರೂ ಇಲ್ಲ, ನೀವು ದಿನವೂ ಬಂದು ಹೋಗಬಹುದು ಎಂದರು.

ಅವರು ಹೋದ ಮೇಲೆ ಆಂಟಿ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಮಗಳನ್ನು ಕರೆದುಕೊಂಡು ಬಂದವಳು ಅವರನ್ನು ದಾಟಲಾರದೆ ನಿಂತೆ. "ಬಾಯಾರಿಕೆ ಆದ್ರೆ ಯಾರಿಗೆ ಹೇಳ್ತಾರೆ ಅವರು?" ಎಂದರು. ಅಷ್ಟೇ. ಆಮೇಲೆ ಎದ್ದು, ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು ತೆರೆದರು.

ಮನೆಯ ಬಿಸಿಯೆಲ್ಲ ಆ ಗೂಡಿನಲ್ಲಿತ್ತು. ಊರಿಗೆಲ್ಲ ಒಂದು ಕಡೆ ಕಾಯಿಸಿದ ನೀರು ನೆಲದಡಿಯ ಕೊಳವೆಗಳಲ್ಲಿ ಬಂದು ಅಲ್ಲಿಂದ ಎರಡೂ ಅಂತಸ್ತಿನ ರೇಡಿಯೇಟರುಗಳಿಗೆ ಬಿಸಿ ಹಂಚಿಕೆಯಾಗುತ್ತಿತ್ತು. ಆಂಟಿ ಅಲ್ಲಿದ್ದ ತಿರುಪನ್ನು ಧಾರಾಳವಾಗಿ ತಿರುಗಿಸಿದರು. ಮಾರನೆಯ ದಿನ ಮೇಲೆ ನಮ್ಮ ಮನೆ ಕುಲುಮೆ. ಪುಟ್ಟಿ ಬನಿಯನ್‌ನಲ್ಲಿ ಓಡಾಡುತ್ತಿದ್ದಳು, ನಾನು ಡಿಸೆಂಬರಿನಲ್ಲಿ ಕಿಟಕಿ ತೆರೆದು ಕೂತಿದ್ದೆ. ಕೆಳಗೆ ಅಂಕಲ್‌ನ ಪಾದ ಹಾಗೇ ತಣ್ಣಗೆ. ಬಿಸಿ ಗಾಳಿ ಮೇಲಕ್ಕೇ ಏರುತ್ತದೆ, ಜೊತೆಗೆ ಮೇಲಿನ ರೇಡಿಯೇಟರುಗಳು ಹೊಸವು, ನೀರನ್ನು ಹೆಚ್ಚು ಎಳೆದುಕೊಳ್ಳುತ್ತವೆ, ಕೆಳಗಿನ ಹಳೆಯವಕ್ಕೆ ಉಳಿದದ್ದು ಸಿಗುತ್ತದೆ. ಇದನ್ನು ನನ್ನ ಗಂಡ ಎಲ್ಲೋ ಓದಿ ಹೇಳಿದ. ಮೇಲಿನವನ್ನು ಒಂದೊಂದಾಗಿ ಸ್ವಲ್ಪ ಬಿಗಿಮಾಡಬೇಕು, ಕೆಳಗಿನವನ್ನು ಬಿಚ್ಚಬೇಕು, ಒಂದು ಸಲ ಮುಟ್ಟಿದ ಮೇಲೆ ಒಂದು ದಿನ ಪೂರ್ತಿ ಕಾಯಬೇಕು, ಆಮೇಲೆ ಮುಂದಿನದು.

ಕಾಯುವುದು ಆಂಟಿಯ ಜಾಯಮಾನವೇ ಅಲ್ಲ. ಹಾಲು ಉಕ್ಕುವುದರೊಳಗೆ ಮೂರು ಸಲ ಪಾತ್ರೆ ಇಣುಕುವ ಹೆಂಗಸು. ಬೆಳಗ್ಗೆ ತಿರುಗಿಸಿದ್ದನ್ನು ಮಧ್ಯಾಹ್ನಕ್ಕೆ ಇನ್ನಷ್ಟು ತಿರುಗಿಸಿ, ಸಂಜೆಗೆ ಹೆದರಿ ಹಿಂದಕ್ಕೆ ತಿರುಗಿಸುತ್ತಿದ್ದರು. ನಾನು ಮೀಟಿಂಗಿನಲ್ಲಿ ಇರುವಾಗ ಬಾಗಿಲು ತಟ್ಟಿ, "ನೀನು ಮಾತಾಡಮ್ಮ, ನಾನು ಬಂದಿದ್ದು ರೇಡಿಯೇಟರ್ ನೋಡೋಕೆ" ಎಂದು ನನ್ನ ಹಿಂದೆಯೇ ಮಂಡಿಯೂರುತ್ತಿದ್ದರು. ನನ್ನ ಸ್ವೀಡಿಷ್ ಸಹೋದ್ಯೋಗಿಗಳು ನನ್ನ ಭುಜದ ಹಿಂದೆ ಕೆಂಪು ತೇಪೆಯ ಪಾದವೊಂದನ್ನು ಬಹಳ ಸಲ ನೋಡಿದ್ದಾರೆ. ಕೆಳಗೆ ಅವರು ರೇಡಿಯೇಟರನ್ನೇ ಬೈಯುವುದು ಕೇಳಿಸುತ್ತಿತ್ತು. "ಏನಾಗೇದ ನಿನಗ? ಊರ ಮಂದೀಗೆಲ್ಲ ಬಿಸಿ ಆಗ್ತೀ, ನನ್ನ ಮನ್ಯಾಗ ಯಾಕ ಮಕ ಊದಿಸ್ಕೊಂಡು ಕುಂತೀ?"

ನಮ್ಮಿಬ್ಬರ ನಡುವೆ ಜಗಳವೂ ಆಯಿತು. ಪುಟ್ಟಿಗೆ ಆಗಷ್ಟೇ ಕೆಮ್ಮು ಬಿಟ್ಟಿತ್ತು. ಒಂದು ದಿನ ಅವಳ ಕೋಣೆ ತೀರಾ ತಣ್ಣಗಾಗಿದ್ದು ನೋಡಿ ನಾನು ಸಿಟ್ಟಿನಿಂದಲೇ ಕೆಳಗೆ ಇಳಿದೆ. ಆಂಟಿ ನನ್ನ ಮಾತನ್ನೆಲ್ಲ ಕೇಳಿ, ಕಾಫಿಯ ಲೋಟ ಕೆಳಗಿಟ್ಟು ಹೇಳಿದರು:

"ನೇರವಾಗಿ ಕೇಳ್ತೀನಿ. ನಿನ್ನ ಮನೆ ಬಿಸಿ ನನಗೆ ಬೇಕು. ಬಾಡಿಗೆ ಕೊಟ್ಟು ಇರೋರು ನೀವು, ಕೇಳೋದು ತಪ್ಪೇ. ಆಗಲ್ಲ ಅಂದ್ರೆ ಆಗಲ್ಲ ಅನ್ನು, ಬೇಜಾರಿಲ್ಲ. ಆದ್ರೆ 'ನೋಡೋಣ ಆಂಟಿ' ಅಂತ ಮಾತ್ರ ಅನ್ಬೇಡ."

"ಮಗು ಇರೋ ಮನೆ ಆಂಟಿ. ಅವಳಿಗೆ ಮತ್ತೆ ಕೆಮ್ಮು ಬಂದ್ರೆ ಏನ್ ಮಾಡ್ಲಿ?"

ಆಂಟಿ ನನ್ನೆದುರು ಮೊದಲ ಸಲ ತಮ್ಮ ಸ್ವಂತ ಮಾತಿನಲ್ಲಿ ಹೇಳಿದರು. "ಬಿಸಿ ಕೆಳಗ ಬಂದ್ರ ಕೂಸೂ ಕೆಳಗ ಬರಲಿ. ಡಾಗಿಸ್ ಮುಗಿಸಿ ಬಂದಾಕಿ ಇಲ್ಲೇ ಇರಲಿ. ರಾತ್ರಿ ಮಲಗೂದಕ್ಕ ಅಷ್ಟ ಮ್ಯಾಲ ಕರ್ಕೊಂಡು ಹೋಗು. ನನಗ ಮಗೂನ ನೋಡ್ಕೊಳ್ಳೂದು ಗೊತ್ತೈತಿ."

ಇಷ್ಟು ನೇರವಾಗಿ ಯಾರಾದರೂ ಕೇಳಿದರೆ ನನಗೆ ಇಲ್ಲವೆನ್ನಲು ಬರುವುದಿಲ್ಲ. ಹೂಂ ಎಂದೆ. ಮೇಲೆ ಬಂದು ಗಂಡನಿಗೆ ಹೇಳಿದರೆ, ಸ್ವೀಡನ್ನಿನವರೆಲ್ಲ ತಣ್ಣಗಿನ ಕೋಣೆಯಲ್ಲೇ ಮಲಗುವುದು, ಆರೋಗ್ಯಕ್ಕೆ ಒಳ್ಳೆಯದಂತೆ ಎಂದು ಎರಡು ಹೊದಿಕೆಯ ಒಳಗಿನಿಂದ ಉಪದೇಶ ಮಾಡಿದ.

ಕ್ರಿಸ್‌ಮಸ್ ಹೊತ್ತಿಗೆ ಮೇಲಿನ ಗೋಡೆಯ ಥರ್ಮಾಮೀಟರೂ ಕೆಳಗಿನದೂ ಒಂದೇ ಅಂಕೆ ತೋರಿಸತೊಡಗಿದವು. ಆಂಟಿ ಗೆದ್ದೆನೆಂದು ಶೇಂಗಾ ಹೋಳಿಗೆ ಮಾಡಿದರು. ಹೋಳಿಗೆ ತಿನ್ನಿಸಿ, ಗಂಡನ ಕಾಲು ಮುಟ್ಟಿ ನೋಡಿದರು. ಅದೇ ಮಂಜುಗಡ್ಡೆ. ಆವತ್ತು ಅವರ ಮುಖ ನೋಡಲಾಗಲಿಲ್ಲ. ಜನವರಿ ಹತ್ತಿರವಾಗುತ್ತಿತ್ತು.

ಮರುದಿನ ಮಧ್ಯಾಹ್ನ "ಬೇಗ ಬಾ ಇಲ್ಲಿ" ಎಂದು ಕೆಳಗಿನಿಂದ ಕೂಗು ಬಂತು. ಅಂಕಲ್‌ಗೇ ಏನೋ ಆಯಿತೆಂದು ಓಡಿದೆ. ಅಂಕಲ್ ಗೋಡೆಗೊರಗಿ ಆರಾಮಾಗಿ ಕೂತಿದ್ದರು. ಅವರ ಪಕ್ಕದಲ್ಲಿ ಆಂಟಿ ನೆಲದ ಮೇಲೆ ಉದ್ದಕ್ಕೆ ಮಲಗಿದ್ದರು, ಕಣ್ಣು ಮಾಡಿನ ಕಡೆ. ನಾನು ಹೆದರಿ ನಿಂತೆ.

"ಏನಾಯ್ತು ಆಂಟಿ? ಬಿದ್ರಾ?"

"ಬಿದ್ದಿಲ್ಲ. ನೀನೂ ಮಲ್ಕೋ."

ಮಲಗಿದೆ. ಬೇರೇನು ಮಾಡುವುದು? ಅಂಕಲ್ ನಮ್ಮಿಬ್ಬರನ್ನೂ ನೋಡಿ ಸಂತೋಷದಿಂದ ನಕ್ಕರು. ಮೊದಲು ನನಗೇನೂ ತಿಳಿಯಲಿಲ್ಲ. ಆಮೇಲೆ ಕೆನ್ನೆಯ ಮೇಲೆ, ಕುತ್ತಿಗೆಯ ಹತ್ತಿರ, ತಣ್ಣಗೆ ಏನೋ ಹರಿದುಹೋದ ಹಾಗಾಯಿತು. ನಿಂತವರ ಪಾದಕ್ಕೆ, ಅದೂ ದಪ್ಪ ಕಾಲುಚೀಲ ಹಾಕಿದ ಪಾದಕ್ಕೆ, ಗೊತ್ತೇ ಆಗದ ಗಾಳಿ ಅದು. ಒಂದು ಎಳೆ ಕಿಟಕಿಯಿಂದ ಇಳಿಯುತ್ತಿತ್ತು, ಇನ್ನೊಂದು ಮೆಟ್ಟಿಲ ಕಡೆಯಿಂದ. ಎರಡೂ ಸೇರಿ ನೆಲದುದ್ದಕ್ಕೂ ಹರಿದು ಸರಿಯಾಗಿ ಅಂಕಲ್ ಕೂರುವ ಮೂಲೆಗೆ ಬಂದು ನಿಲ್ಲುತ್ತಿತ್ತು. ಆಂಟಿ ಗೋಡೆಯ ಥರ್ಮಾಮೀಟರ್ ಕಿತ್ತು ತಂದು ಅಂಕಲ್‌ನ ಹಾಸಿಗೆಯ ಪಕ್ಕ ನೆಲದ ಮೇಲಿಟ್ಟರು. ಅಂಕೆ ಇಳಿಯುತ್ತ ಇಳಿಯುತ್ತ ಹದಿನಾರಕ್ಕೆ ಬಂದು ನಿಂತಿತು.

"ಇಷ್ಟು ದಿನ ನಿಂತುಕೊಂಡು ನೋಡಿದ್ವಲ್ಲ. ಇವರು ಕೂತಿದ್ದಾರೆ" ಎಂದರು ಆಂಟಿ. ಅವರ ಧ್ವನಿಯಲ್ಲಿ ತಮ್ಮ ಮೇಲೆಯೇ ಸಿಟ್ಟಿತ್ತು. ಈ ದೇಶದಲ್ಲಿ ಮನೆ ಅಳೆಯುವವರು ಕುರ್ಚಿಯ ಮೇಲೆ ಬದುಕುವವರು, ಅವರ ಥರ್ಮಾಮೀಟರು ಅವರ ಎದೆಯ ಮಟ್ಟಕ್ಕೇ ಇರುತ್ತದೆ. ನಾವಾದರೂ ನೆಲದ ಮೇಲೆ ಉಂಡು ಮಲಗಿ ಬೆಳೆದವರು, ನಮಗೆ ಹೊಳೆಯಬಹುದಿತ್ತು. ಆದರೆ ನಾವೂ ಅಷ್ಟು ವರ್ಷ ಮೇಜಿನ ಮುಂದೆ ಕೂತು ಮರೆತೇ ಬಿಟ್ಟಿದ್ದೆವು.

ಆಮೇಲಿನ ವಾರ ಮನೆ ರಣರಂಗ. ಕಿಟಕಿಗೆ ನೆಲದವರೆಗೂ ಇಳಿಬಿದ್ದ ದಪ್ಪ ಪರದೆಗಳಿದ್ದವು, ಮಗ ಕೊಡಿಸಿದ್ದು. ಅವು ರೇಡಿಯೇಟರಿನ ಮೇಲೆ ಬಿದ್ದು ಅದರ ಬಿಸಿಯನ್ನೆಲ್ಲ ಗಾಜಿಗೇ ಕೊಡುತ್ತಿದ್ದವು. ಆಂಟಿ ಅಡುಗೆಮನೆಯ ಕತ್ತರಿ ತಂದು ಕಿಟಕಿಯ ಹಲಗೆಯ ಮಟ್ಟಕ್ಕೆ ಕಚಕಚನೆ ಕತ್ತರಿಸಿದರು. ನಾನು ಅಯ್ಯೋ ಎಂದೆ. "ಪರದೆಗೆ ಚಳಿ ಆಗಲ್ಲ" ಎಂದರು. ರೇಡಿಯೇಟರಿಗೆ ಅಡ್ಡವಾಗಿದ್ದ ಕಪಾಟನ್ನು ನನ್ನ ಗಂಡ ಎಳೆದು ಬೇರೆ ಗೋಡೆಗೆ ಹಾಕಿದ. ಕತ್ತರಿಸಿದ ಪರದೆಯ ತುಂಡುಗಳನ್ನು ಸುರುಳಿ ಸುತ್ತಿ ಮುಂಬಾಗಿಲಿನ ಸಂದಿಗೆ ತುರುಕಿದ್ದಾಯಿತು.

ಮೆಟ್ಟಿಲಿನದು ಕಷ್ಟದ ಪ್ರಶ್ನೆಯಾಗಿತ್ತು. ಅಲ್ಲಿ ಬಾಗಿಲಿಲ್ಲ. ಕೆಳಗಿನ ಬಿಸಿ ಆ ದಾರಿಯಲ್ಲೇ ಮೇಲೆ ಹೋಗುತ್ತಿತ್ತು, ಮೇಲಿನ ತಂಪು ಆ ದಾರಿಯಲ್ಲೇ ಇಳಿಯುತ್ತಿತ್ತು. ಆಂಟಿ ಅಟ್ಟದ ಪೆಟ್ಟಿಗೆಯಿಂದ ಒಂದು ಕೌದಿ ತೆಗೆದರು. ಅವರ ಅತ್ತೆ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರ ಸೇರಿಸಿ, ಕೈಯಲ್ಲಿ ಹೊಲಿದು, ಮಗ ಪರದೇಶಕ್ಕೆ ಹೊರಟಾಗ ಕೊಟ್ಟ ಕೌದಿ. ಇಲ್ಲಿಯ ಗರಿಯ ಹೊದಿಕೆಗಳ ಮುಂದೆ ಅದು ಭಾರವೆಂದು ಹಾಗೇ ಇಟ್ಟಿದ್ದರಂತೆ. ಆ ಭಾರವೇ ಈಗ ಬೇಕಾಯಿತು. ಮೆಟ್ಟಿಲು ಮುಗಿಯುವ ಮೇಲಿನ ಬಾಯಿಗೆ ಅಡ್ಡಗಂಬಿ ಹಾಕಿ ಕೌದಿ ತೂಗುಬಿಟ್ಟೆವು. ಅಂದಿನಿಂದ ನಮ್ಮ ಮನೆಗೆ ಬಂದವರೆಲ್ಲ ಅಂಕಲ್‌ನ ತಾಯಿಯ ಸೀರೆಗಳನ್ನು ಸರಿಸಿಯೇ ಒಳಗೆ ಬರಬೇಕಾಗಿತ್ತು. ಅಂಕಲ್ ಕೆಳಗಿನಿಂದ ಅದನ್ನು ನೋಡಿ, ಬಹಳ ಹೊತ್ತು ನೋಡಿ, "ಅವ್ವಂದು" ಎಂದರು.

ಮೇಲಿನ ರೇಡಿಯೇಟರುಗಳನ್ನು ಇನ್ನೊಂದಿಷ್ಟು ಬಿಗಿ ಮಾಡಿದೆವು, ಈ ಸಲ ನಿಧಾನವಾಗಿ. ಆಂಟಿಯ ಕೈ ತಡೆಯಲು ನಾನೇ ರೇಡಿಯೇಟರು ತಿರುಗಿಸುವ ಸಣ್ಣ ಕೀಲಿಯನ್ನು ನನ್ನ ಹತ್ತಿರ ಇಟ್ಟುಕೊಂಡಿದ್ದೆ. ಅವರು ಕೇಳಿದಾಗಲೆಲ್ಲ "ನಾಳೆ" ಎನ್ನುವುದು ನನ್ನ ಕೆಲಸ. ನೆಲದ ಮೇಲಿನ ಥರ್ಮಾಮೀಟರಿನ ಮುಂದೆ ಅವರು ಮೊಣಕೈ ಊರಿ ಮಲಗಿ ನೋಡುತ್ತಿದ್ದ ಚಿತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹದಿನೇಳಾಯಿತು. ಹದಿನೆಂಟಾಯಿತು. ಒಂದು ಬೆಳಗ್ಗೆ ಇಪ್ಪತ್ತು. ಆಂಟಿ ನನ್ನನ್ನು ಕರೆಯಲಿಲ್ಲ. ಅಂಕಲ್‌ನ ಪಾದ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು, ನಾನು ಕಸ ಹಾಕಲು ಇಳಿದಾಗಲೇ ಕಂಡದ್ದು. "ಬೆಚ್ಚಗ ಅದಾವು" ಎಂದರು. ಅಳುತ್ತಿದ್ದರು.

ಮೇಲೆ ನಮ್ಮ ಪಾಡು ಹೇಳತೀರದು. ಸ್ವೆಟರು, ಮೇಲೊಂದು ಶಾಲು, ಬೆರಳ ತುದಿ ಕತ್ತರಿಸಿದ ಗ್ಲೌಸ್ ಹಾಕಿಕೊಂಡು ಟೈಪ್ ಮಾಡುತ್ತಿದ್ದೆ. ಒಂದೊಂದು ದಿನ ಸಿಡಿಮಿಡಿಗೊಂಡು ಕೀಲಿ ಹಿಡಿದು ಎದ್ದದ್ದೂ ಉಂಟು. ಕೆಳಗಿನಿಂದ ಅಂಕಲ್‌ನ ಮಾತು ಕೇಳಿಸಿದರೆ ಮತ್ತೆ ಕೂತುಬಿಡುತ್ತಿದ್ದೆ.

ಜನವರಿಯಲ್ಲಿ ಕೊಮ್ಯೂನ್‌ನ ಹೆಂಗಸು ಬಂದಾಗ ಆಂಟಿ ಅವರಿಗೆ ಕುರ್ಚಿ ತೋರಿಸಲಿಲ್ಲ. ಕೈ ಹಿಡಿದು ಕಂಬಳಿಯ ಮೇಲೆ, ಅಂಕಲ್‌ನ ಪಕ್ಕದಲ್ಲೇ ಕೂರಿಸಿದರು. ಅವರು ಪಾಪ, ಮಂಡಿ ಹೇಗೆ ಮಡಿಸುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಒದ್ದಾಡಿ, ಕೊನೆಗೆ ಎರಡೂ ಕಾಲನ್ನು ಒಂದೇ ಕಡೆ ಚಾಚಿಕೊಂಡರು. ನೆಲದ ಮೇಲೆಯೇ ಸ್ವೀಡನ್ನಿನವರು ಫಿಕಾ ಎನ್ನುವ ಕಾಫಿ-ತಿಂಡಿ ಆಯಿತು, ಕಾಫಿ ಮತ್ತು ಚಕ್ಕುಲಿ. ಒಂದು ಲೋಟ ಮುಗಿಯುವವರೆಗೂ ಆಂಟಿ ಚಳಿಯ ಸುದ್ದಿಯನ್ನೇ ಎತ್ತಲಿಲ್ಲ. ಆ ಹೆಂಗಸು ತಾವಾಗಿಯೇ ಅಂಗೈಯನ್ನು ನೆಲಕ್ಕಿಟ್ಟು ನೋಡಿದರು, ಕತ್ತರಿಸಿದ ಪರದೆ ನೋಡಿದರು, ಮೆಟ್ಟಿಲ ಮೇಲಿನ ಕೌದಿ ನೋಡಿದರು. ಅಂಕಲ್‌ನ ಅನುಮತಿ ಕೇಳಿ ಪಾದ ಮುಟ್ಟಿದರು. ಅಷ್ಟರಲ್ಲಿ ಪುಟ್ಟಿ ಅಂಕಲ್‌ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅಂಕಲ್ ಈ ಮನೆಯಲ್ಲೇ ಇರಲಿ ಎಂದರು ಆ ಹೆಂಗಸು. ಮಂಚವನ್ನು ವಾಪಸು ತೆಗೆದುಕೊಂಡು ಹೋಗಲು ಹೇಳುತ್ತೇನೆ, ಬದಲಿಗೆ ದಪ್ಪನೆಯ ಹಾಸಿಗೆ ಕಳಿಸುತ್ತೇನೆ ಎಂದೂ ಹೇಳಿದರು. ಅವರನ್ನು ಬಾಗಿಲವರೆಗೆ ಬಿಟ್ಟು ಬಂದ ಆಂಟಿ ಉಳಿದ ಚಕ್ಕುಲಿಯನ್ನೆಲ್ಲ ಒಬ್ಬರೇ ತಿಂದು ಮುಗಿಸಿದರು. ಬೆಳಗ್ಗಿನಿಂದ ಅವರು ಏನೂ ತಿಂದಿರಲಿಲ್ಲವಂತೆ.

ಅಂಕಲ್ ಆಮೇಲೆ ಇನ್ನೊಂದು ಚಳಿಗಾಲ ದಾಟಿದರು. ಆ ದಿನಗಳಲ್ಲಿ ನಮ್ಮ ಮಗಳು ಮೇಲೆ ಇರುತ್ತಿದ್ದುದು ನಿದ್ದೆ ಮಾಡುವಾಗ ಮಾತ್ರ. ಡಾಗಿಸ್‌ನಿಂದ ಬಂದವಳೇ ಕೆಳಗಿನ ಬೆಚ್ಚನೆಯ ಮೂಲೆ ಸೇರುತ್ತಿದ್ದಳು. ಅಂಕಲ್‌ಗೆ ಸ್ವೀಡಿಷ್ ಅರ್ಥವಾಗುತ್ತಿರಲಿಲ್ಲ. ಅವಳು ಎರಡು ಸಲ ಹೇಳಿ, ಮೂರನೆಯ ಸಲ ಬೇರೆ ದಾರಿಯಿಲ್ಲದೆ ಕನ್ನಡದ ಪದ ಹುಡುಕುತ್ತಿದ್ದಳು. ಸಿಗದಿದ್ದರೆ ಅಡುಗೆಮನೆಗೆ ಓಡಿ ಆಂಟಿಯನ್ನು ಕೇಳಿಕೊಂಡು ಬರುತ್ತಿದ್ದಳು. ಹೊರಗೆ ಹಿಮ ಬಿದ್ದರೆ ಅಂಕಲ್, "ಕೂಸ, ನೋಡಿಲ್ಲೆ, ಹತ್ತಿ ಒಡದೈತಿ" ಎನ್ನುತ್ತಿದ್ದರು. ಗದಗಿನ ಹತ್ತಿ ಹೊಲ ಅವರ ಕಣ್ಣಿನಲ್ಲಿ ಇನ್ನೂ ಇತ್ತು. "ಹತ್ತಿ ಅಲ್ಲೋ ಅಜ್ಜಾ, ಹಿಮ" ಎಂದು ಇವಳು ತಿದ್ದುತ್ತಿದ್ದಳು. ಆಂಟಿ ಒಳಗಿನಿಂದ "ಅಲ್ಲೋ ಅನಬಾರದು, ಅಲ್ರೀ ಅನಬೇಕು" ಎಂದು ಅವಳನ್ನು ತಿದ್ದುತ್ತಿದ್ದರು. ಒಂದು ದಿನ ತುಮಕೂರಿನಿಂದ ಅಮ್ಮನ ಕರೆ ಬಂದಾಗ ನಾನು ಅನುವಾದಕ್ಕೆ ಬಾಯಿ ತೆರೆಯುವುದರೊಳಗೆ ಇವಳೇ ಶುರುಮಾಡಿದಳು. "ಅಜ್ಜಿ, ಆರಾಮ ಇದ್ದೀರೇನ್ರಿ? ಊಟ ಆತ?" ಅಮ್ಮ ಫೋನನ್ನು ಕೆಳಗಿಟ್ಟು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಮೊಮ್ಮಗಳು ಗದಗಿನವಳಾಗಿದ್ದಕ್ಕೆ ಅವರಿಗೇನೂ ಬೇಸರವಿರಲಿಲ್ಲ.

ಅಂಕಲ್ ಹೋದದ್ದು ಮಾರ್ಚಿನ ಒಂದು ಬೆಳಗ್ಗೆ, ತಮ್ಮ ಮೂಲೆಯಲ್ಲೇ. "ಚಾ ಆತೇನು?" ಎಂದು ಕೇಳಿದರಂತೆ. "ಆತ್ರಿ, ತರಾಕತ್ತೀನಿ" ಎಂದು ಆಂಟಿ ಒಳಗಿನಿಂದ ಕೂಗಿ, ಲೋಟ ಹಿಡಿದು ಬರುವಷ್ಟರಲ್ಲಿ ಮುಗಿದಿತ್ತು. ನಾನು ಓಡಿಬಂದಾಗ ಆಂಟಿ ಆ ಚಹಾವನ್ನು ಕೈಯಲ್ಲೇ ಹಿಡಿದು ಕೂತಿದ್ದರು. "ಅವರು ಕೇಳಿದ್ದು ನನಗ ತಿಳೀತು. ನಾ ಹೇಳಿದ್ದು ಅವರಿಗೆ ಕೇಳಿಸ್ತು" ಎಂದರು. ಆಮೇಲೆ ಬಂದವರಿಗೆಲ್ಲ ಅದೊಂದೇ ಮಾತನ್ನು ಹೇಳಿದರು.

ಮಾಲ್ಮೋದಿಂದ ಬಂದ ಮಗ ವಾಪಸು ಹೋದ ಮರುದಿನ ನನ್ನ ಕೋಣೆಯ ರೇಡಿಯೇಟರು ಸುಡುತ್ತಿತ್ತು. ಕೀಲಿ ನನ್ನ ಹತ್ತಿರವೇ ಇತ್ತಲ್ಲ ಎಂದು ಗಾಬರಿಯಾಗಿ ಕೆಳಗೆ ಹೋದರೆ, ಆಂಟಿ ಇಕ್ಕಳ ಹಿಡಿದು ತಮ್ಮ ಭಾಗದ ರೇಡಿಯೇಟರುಗಳನ್ನೆಲ್ಲ ಮುಚ್ಚಿ, ಕೋಟು ಹಾಕಿಕೊಂಡು ಕೂತಿದ್ದರು. "ನಿಮ್ಮದು ನಿಮಗ ಕೊಟ್ಟೆ. ಭಾಳ ದಿನ ತಣ್ಣಗಿದ್ರಿ" ಎಂದರು. ನನಗೆ ಕೆಟ್ಟ ಸಿಟ್ಟು ಬಂತು. ಇಕ್ಕಳ ಕಿತ್ತುಕೊಂಡು ಎಲ್ಲವನ್ನೂ ಒಂದೊಂದಾಗಿ ಬಿಚ್ಚಿದೆ. ಅವರು ನೋಡುತ್ತ ಕೂತಿದ್ದರು. ಕೊನೆಯದನ್ನು ಬಿಚ್ಚಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು, ಇವತ್ತಿನಿಂದ ರಾತ್ರಿ ಊಟ ನಾವೆಲ್ಲ ಇಲ್ಲೇ ಮಾಡುವುದು ಎಂದೆ. ಕೇಳಲಿಲ್ಲ, ಹೇಳಿದೆ. ಆಂಟಿಯಿಂದ ಕಲಿತದ್ದು ಅದು. "ಹಂಗಾದ್ರ ಅಕ್ಕಿ ಹೆಚ್ಚಿಗಿ ಹಾಕಬೇಕು" ಎಂದು ಅವರು ಎದ್ದರು.

ಹಾಗೆ ಮೂರು ವರ್ಷ ಒಂದೇ ನೆಲದ ಮೇಲೆ ಉಂಡೆವು. ಹೋದ ವರ್ಷ ಬೇಸಿಗೆಯಲ್ಲಿ, ಹಿತ್ತಿಲಿನಲ್ಲಿ ಮೆಂತ್ಯ ಬಿಡಿಸುತ್ತಿದ್ದಾಗ, ಆಂಟಿಯ ಹೃದಯ ನಿಂತುಹೋಯಿತು. ನರಳಲಿಲ್ಲ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ನನಗೆ ಮಾತ್ರ ಇವತ್ತಿಗೂ ಅರಗದು.

ಅಂತ್ಯಸಂಸ್ಕಾರದ ದಿನ ಊರಿನ ಆಚೆಯ ಚಿಕ್ಕ ಪ್ರಾರ್ಥನಾಮಂದಿರದಲ್ಲಿ ನಾವೊಂದಿಷ್ಟು ಜನ ಸೇರಿದ್ದೆವು. ಮಗ ಸ್ವೀಡಿಷ್‌ನಲ್ಲಿ ಚೆನ್ನಾಗಿ ಮಾತಾಡಿದ. ಆಮೇಲೆ ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ, ಅಮ್ಮನಿಗೆ ಯಾರಾದರೂ ಕನ್ನಡದಲ್ಲಿ ಒಂದು ಮಾತು ಹೇಳಬೇಕು, ನನಗೆ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ, ನೀವು ಹೇಳುತ್ತೀರಾ ಎಂದು ಕೇಳಿದ. ಎದ್ದು ನಿಂತೆ. ಹೇಳಬೇಕಾದ್ದು ಎದೆ ತುಂಬ ಇತ್ತು, ಬಾಯಿ ಏಳಲಿಲ್ಲ. ಅಷ್ಟರಲ್ಲಿ ಪುಟ್ಟಿ ನನ್ನ ಕೈ ಬಿಡಿಸಿಕೊಂಡು ಮುಂದೆ ಹೋದಳು. ಶವಪೆಟ್ಟಿಗೆಯ ಮೇಲೆ ಕೈಯಿಟ್ಟು, ಬೆಳಗ್ಗೆ ಶಾಲೆಗೆ ಹೊರಟವಳಂತೆ ಸಹಜವಾಗಿ, "ಅಜ್ಜಿ, ಹೋಗಿ ಬರ್ತೀನ್ರಿ" ಎಂದಳು.

ನಮ್ಮಲ್ಲಿ ಹಿರಿಯರನ್ನು ಬಿಟ್ಟು ಹೊರಡುವಾಗ ಬರೀ ಹೋಗುತ್ತೇನೆ ಎನ್ನುವುದಿಲ್ಲ. ಇದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಬೈ ಎಂದೇ ಹೊರಡುವವರು. ಆಂಟಿಯ ಮಗ ತಾನೂ ಮುಂದೆ ಹೋಗಿ, ಅವಳ ಪಕ್ಕದಲ್ಲಿ ಕೈಯಿಟ್ಟು, ಅವಳು ಹೇಳಿದ ಹಾಗೇ ಒಂದೊಂದೇ ಪದ ಬಿಡಿಸಿ ಹೇಳಿದ.

"ಅವ್ವಾ, ಹೋಗಿ, ಬರ್ತೀನಿ."